ಹೊರಸವ್ವನ ಕಟ್ಟೆ

ಬಾದರಗಿಯ ಕೋಟೆ ನೋಡಬಂದವರು ಕೆಂಪು ಬಸ್ಸಿನಿಂದ ಇಳಿಯುವುದು ತೆಂಕಣ ಬಾಗಿಲ ಎದುರಿಗೆ. ಅಲ್ಲಿ ಬಾಗಿಲಿಗಿಂತ ಮೊದಲು ಕಣ್ಣಿಗೆ ಬೀಳುವುದು ಒಂದು ಕರಿಕಲ್ಲಿನ ಹಾಸು. ಎರಡು ಗಿಡ್ಡ ಕಂಬಗಳ ಮೇಲೆ ಅದನ್ನು ಅಡ್ಡ ಇಟ್ಟಿದ್ದಾರೆ. ಊರವರು ಇದನ್ನು ಹೊರಸವ್ವನ ಕಟ್ಟೆ ಎನ್ನುತ್ತಾರೆ. ಕಟ್ಟೆಯೆಂದು ಕೂರಲು ಹೋದರೆ ಕಾಲು ನೆಲಕ್ಕೆ ತಾಗುವುದಿಲ್ಲ. ತಲೆಹೊರೆ ಹೊತ್ತು ಒಂಟಿಯಾಗಿ ಬಂದವರು ಯಾರ ಹಂಗೂ ಇಲ್ಲದೆ ಭಾರ ಇಳಿಸಿ, ಉಸಿರಾಡಿಕೊಂಡು, ಮತ್ತೆ ತಾವೇ ಹೊತ್ತುಕೊಳ್ಳಲಿ ಎಂದು ನಿಲ್ಲಿಸಿದ ಕಲ್ಲು ಅದು. ಈಗ ಒಬ್ಬೊಬ್ಬರೇ ಅಗ್ಗದಲ್ಲಿ ಊರು ತಿರುಗುವ ಪ್ರವಾಸಿಗರು ಬೆನ್ನುಚೀಲ ಇಳಿಸುವುದೂ ಇಲ್ಲಿಯೇ. ಎತ್ತರದ ಆಳಾದರೆ ಚೀಲ ಇಳಿಸಲು ಮಂಡಿ ಬಗ್ಗಿಸಬೇಕು. ಕಟ್ಟಿದವರು ಅಳತೆ ತಪ್ಪಿದರೆಂದು ಕೆಲವರು ನಗುತ್ತಾರೆ. ಅಳತೆ ತಪ್ಪಿಲ್ಲ.

ಹಿಂದೆ ಒಮ್ಮೆ, ಬಾದರಗಿ ರಾಜಧಾನಿಯಾಗಿದ್ದ ಕಾಲದಲ್ಲಿ, ಬಲುದೂರದ ಹಳ್ಳಿಯಿಂದ ತಂಗೆವ್ವನೆಂಬ ವಿಧವೆ ಒಬ್ಬಳೇ ನಡೆದು ಬಂದಳಂತೆ. ಅವಳ ಗಂಡ ಯಮನಪ್ಪ ಪ್ರಾಯದಲ್ಲಿ ಈ ಊರಿನ ದೊಡ್ಡ ಬಾವಡಿಗೆ ಕಲ್ಲು ಹೊತ್ತವನು. ಬಾವಡಿಯೆಂದರೆ ಮೆಟ್ಟಿಲಿಳಿದು ನೀರು ಮುಟ್ಟುವ ಬಾವಿ. ನೀರಿಗೆ ಹತ್ತಿದ ಕೊನೆಯ ಮೆಟ್ಟಿಲು ತನ್ನ ಹೆಗಲ ಮೇಲೆ ಬಂದದ್ದೆಂದು ಅವನು ಉಂಡ ಕೈ ತೊಳೆಯುವಾಗಲೆಲ್ಲ ಹೇಳುತ್ತಿದ್ದ. ಮುಂದಿನ ಸುಗ್ಗಿ ಮುಗಿದ ಮೇಲೆ ಕರೆದುಕೊಂಡು ಹೋಗಿ ತೋರಿಸುತ್ತೇನೆ ಎನ್ನುತ್ತಿದ್ದ. ಸುಗ್ಗಿಗಳು ಮುಗಿದವು, ಅವನೂ ಮುಗಿದ. ಆ ಮೆಟ್ಟಿಲ ಮೇಲೆ ಒಮ್ಮೆ ಕಾಲಿಟ್ಟು ಬಂದರೆ ಸಾಕು ಎನ್ನುವುದೊಂದೇ ಅವಳಿಗೆ ಉಳಿದ ಆಸೆ. ರಾಜಧಾನಿಯಲ್ಲಿ ಕುಡಿಯುವ ನೀರಿಗೂ ಕೈ ಬಿಚ್ಚಬೇಕೆಂದು ಯಾರೋ ಹೆದರಿಸಿದ್ದರು. ಅದಕ್ಕೆಂದೇ ಜೋಳ, ಖಾರದಪುಡಿ, ಮಡಕೆ, ಕೌದಿ, ಸಾಲದ್ದಕ್ಕೆ ಒಲೆಗೆ ಬೇಕಾದ ಕುಳ್ಳನ್ನೂ ಕಟ್ಟಿ, ಸಿಂಬಿಯ ಮೇಲಿಟ್ಟು ಹೊತ್ತು ತಂದಳು. ಖರ್ಚಿಲ್ಲದ ಪ್ರಯಾಣಕ್ಕೆ ಕತ್ತು ಸುಂಕ ಕಟ್ಟಿತು. ದಾರಿಯುದ್ದಕ್ಕೂ ಯಾವ ಊರಿನಲ್ಲಿ ಇಳಿಸಿದರೂ ಹೊರಿಸುವ ಕೈ ಸಿಕ್ಕಿದ್ದರಿಂದ ಅವಳಿಗೆ ಆ ಚಿಂತೆ ಬಂದಿರಲಿಲ್ಲ.

ಬಾದರಗಿಯ ರೂಢಿಯೇ ಬೇರೆ. ಬಾಗಿಲಲ್ಲಿ ಎಲ್ಲರೂ ಹೊರೆ ಇಳಿಸಿ ಸುಂಕದವನಿಗೆ ಬಿಚ್ಚಿ ತೋರಿಸಬೇಕು. ಇನ್ನೊಬ್ಬರ ಹೊರೆಗೆ ಕೈ ಹಚ್ಚಿದವನು ಅದರ ಪಾಲುದಾರ, ಸುಂಕದಲ್ಲೂ ಪಾಲು ಕೊಡಬೇಕು. ಹಾಗಾಗಿ ಜೋಡಿಯಾಗಿ ಬಂದವರು ತಮ್ಮತಮ್ಮಲ್ಲೇ ಹೊರಿಸಿಕೊಂಡು ಹೋಗುತ್ತಿದ್ದರು. ಒಂಟಿಯಾಗಿ ಬಂದವರು ಹೊರೆಯನ್ನು ನೆಲದ ಮೇಲೆ ಎಳೆದುಕೊಂಡು ಹೆಣಗುತ್ತಿದ್ದರು. ಇದ್ಯಾವುದೂ ಗೊತ್ತಿಲ್ಲದ ತಂಗೆವ್ವ ಇಳಿಸಿದಳು, ತೋರಿಸಿದಳು, ಮತ್ತೆ ಕಟ್ಟಿ, ಪಕ್ಕದವರನ್ನು ಕರೆದಳು. ಅವರು ಆಕಾಶ ನೋಡಿದರು. ಇನ್ನೊಬ್ಬರನ್ನು ಕರೆದಳು. ಅವರಿಗೆ ಕಿವಿಯೇ ಇದ್ದಂತಿರಲಿಲ್ಲ. ಬಿಟ್ಟು ಒಳಗೆ ಹೋಗೋಣವೆಂದರೆ ವಾರಸುದಾರರಿಲ್ಲದ ಹೊರೆ ಅರಮನೆಗೆ ಸೇರುತ್ತದೆಂದು ಸುಂಕದವನು ಗದರಿದ. ಅಷ್ಟು ದೂರದಿಂದ ಬಂದವಳು ಬಾಗಿಲ ಹೊರಗೇ ಗೋಡೆಗೊರಗಿ ಕೂತಳು. ಕಾಲು ಬಾತಿದ್ದವು. ಹೊರೆ ಎಳೆಯುವುದಿರಲಿ, ಅಳುವುದಕ್ಕೂ ತ್ರಾಣವಿರಲಿಲ್ಲ.

ಮರುದಿನ ಮಾಬೂಬಿ ಎಂಬ ಕಟ್ಟಿಗೆ ಮಾರುವವಳು ಒಂಟಿಯಾಗಿ ಬಂದು ಅದೇ ಪಾಡಿಗೆ ಸಿಕ್ಕಳು. ತಂಗೆವ್ವ ಎದ್ದು ಅವಳ ಹೊರೆಗೆ ಕೈ ಹಾಕಿ ತಲೆಗೇರಿಸಿದಳು. ಸುಂಕದವನು ಪಾಲು ಕೇಳುತ್ತ ಓಡಿಬಂದ. ತಂಗೆವ್ವ ತನ್ನ ಗಂಟು ಬಿಚ್ಚಿ, "ತಗೋರಿ. ನನ್ನ ಹೊರಿ ಅಷ್ಟರ ಹಗುರ ಆಗತೈತಿ" ಅಂದಳಂತೆ. ಹಿಡಿ ಜೋಳವನ್ನೂ ಮುರುಕು ಕುಳ್ಳನ್ನೂ ಅಳೆಯುವುದು ಅವನಿಗೇ ಬೇಸರದ ಕೆಲಸವಾಯಿತು. ಕೆಲವು ದಿನ ಅಳೆದ, ಆಮೇಲೆ ಅವಳತ್ತ ನೋಡುವುದನ್ನೇ ಬಿಟ್ಟ. ಹೀಗೆ ಆ ಬಾಗಿಲಲ್ಲಿ ಹೊರಿಸುವ ಕೈ ಎಂದರೆ ತಂಗೆವ್ವನದೊಂದೇ ಆಯಿತು. ಆದರೆ ಅವಳು ಹೊರಿಸಿದವರಾರೂ ಅವಳಿಗೆ ಹೊರಿಸಲಾರರು. ಅವರ ತಲೆ ತುಂಬಿರುತ್ತಿತ್ತು, ಕೈಗಳೆರಡೂ ಮೇಲಿರುತ್ತಿದ್ದವು. ಸಂಜೆ ಬರಿಗೈಯಲ್ಲಿ ಅವರು ಹೊರಬರುವಾಗ ಹಿಂದೆಯೇ ಬಾಗಿಲು ಬೀಳುತ್ತಿತ್ತು. ಅವರು ಅವಳ ಹತ್ತಿರ ಕೂತು ಬಾವಡಿಯ ಸುದ್ದಿ ಹೇಳುತ್ತಿದ್ದರು, ಅವಳು ಕೊನೆಯ ಮೆಟ್ಟಿಲ ಸುದ್ದಿ ಕೇಳುತ್ತಿದ್ದಳು.

ಉಂಡಂತೆಲ್ಲ ಜೋಳ ಕರಗಿ, ಕಡೆಗೊಂದು ಬೆಳಿಗ್ಗೆ ಗಂಟು ಅವಳೊಬ್ಬಳಿಗೇ ಎತ್ತುವಷ್ಟಾಯಿತು. ತಲೆಗಿಟ್ಟುಕೊಂಡು ಬಾಗಿಲವರೆಗೂ ಹೋದಳು. ಹಿಂದಿನಿಂದ ಯಾರೋ, "ಹೊರಸು ಬೇ ಯವ್ವಾ" ಎಂದರು. ಇಳಿಸಿ, ತಿರುಗಿ ಹೋಗಿ ಹೊರಿಸಿದಳು. ಅಷ್ಟರಲ್ಲಿ ಮತ್ತೊಬ್ಬರು ಬಂದಿದ್ದರು. ನಾಳೆ ಹೋದರಾಯಿತು ಎಂದುಕೊಂಡಳು. ಮರುದಿನವೂ ಹಾಗೆಯೇ ಆಯಿತು. ಪುಣ್ಯವತಿಯೆಂದು ಈಗ ಹಾಡಿ ಹೊಗಳುವವರಿದ್ದಾರೆ. ಅವಳಿಗಂತೂ ಬೇಸರವಿತ್ತು, ಸೊಂಟನೋವಿತ್ತು, ಕರೆದವರನ್ನು ಬೈದುಕೊಳ್ಳುತ್ತಲೇ ಏಳುತ್ತಿದ್ದಳು. ಹೊರೆಯವರು ಕೊಟ್ಟ ರೊಟ್ಟಿಯಲ್ಲಿ ಹೊಟ್ಟೆ ನಡೆಯಿತು. ತಂಗೆವ್ವ ಎಂಬ ಹೆಸರು ಮರೆತು ಎಲ್ಲರ ಬಾಯಲ್ಲಿ ಹೊರಸವ್ವನಾದಳು. ಬಾವಡಿ ಬಾಗಿಲಿಂದ ಕೂಗಳತೆಯಲ್ಲಿತ್ತು.

ಮುಪ್ಪಿನಲ್ಲಿ ಒಂದು ಬೇಸಿಗೆ ಅವಳು ಏಳಲಾರದೆ ಮಲಗಿಬಿಟ್ಟಳು. ಹೊರೆಯವರು ಬಾವಡಿಗೆ ಎತ್ತಿಕೊಂಡು ಹೋಗುತ್ತೇವೆಂದರೆ ಮೈ ಮುಟ್ಟಿದರೂ ನೋಯುತ್ತದೆಂದು ಬೇಡವೆಂದಳು. ಅಂದು ನಡುಹಗಲಿಗೆ ಬಾಗಿಲೊಳಗಿಂದ ಒಂದು ಗುಂಪು ಬಂತು. ಮಾಬೂಬಿ ಮುಂದಿದ್ದಳು, ಕಟ್ಟಿಗೆಯವರು, ಹುಲ್ಲಿನವರು, ಗಡಿಗೆಯವರು ಹಿಂದಿದ್ದರು. ಹೆಗಲುಗಳ ಮೇಲೆ ನೀರು ತೊಟ್ಟಿಕ್ಕುವ ಉದ್ದನೆಯ ಕರಿಕಲ್ಲು. ಅದನ್ನು ಅವಳ ಕಾಲ ಬಳಿ ಮೆಲ್ಲಗೆ ಇಳಿಸಿದರು.

"ಕೊನೀ ಮೆಟ್ಟಲಾ ತಂದೀವಿ ಯವ್ವಾ. ಕಾಲಿಡು" ಎಂದಳು ಮಾಬೂಬಿ.

ಹೊರಸವ್ವ ಇಟ್ಟಳು. ಕಲ್ಲು ಇನ್ನೂ ತಣ್ಣಗಿತ್ತು. ಅವಳು ಕೇಳಿದ್ದು ಒಂದೇ ಮಾತು ಎನ್ನುತ್ತಾರೆ: "ಇಷ್ಟು ಭಾರದ್ದು, ನಿಮಗ ಯಾರು ಹೊರಸಿದ್ರು?"

"ಒಬ್ಬರಿಗೊಬ್ಬರು ಹೊರಸಿಕೊಂಡ್ವಿ."

ಅವಳು ಕಣ್ಣು ಮುಚ್ಚಿದಳು. ಅಷ್ಟು ಜನರ ಕೈ ತಗುಲಿದ ಕಲ್ಲಿಗೆ ಪಾಲು ಲೆಕ್ಕ ಹಾಕುವುದು ಸುಂಕದವನಿಂದ ಆಗಲಿಲ್ಲ, ಆಮೇಲೆ ಆ ರೂಢಿಯೂ ಉಳಿಯಲಿಲ್ಲವಂತೆ. ಅವಳನ್ನು ಮಣ್ಣು ಮಾಡಿ ಬಂದವರು ಅದೇ ಕಲ್ಲನ್ನು ಕಂಬಗಳ ಮೇಲೇರಿಸಿದರು. ಗಿಡ್ಡ ಹೆಂಗಸು ಅವಳು; ಅವಳ ಹೆಗಲು ಎಷ್ಟೆತ್ತರವಿತ್ತೋ ಅಷ್ಟೇ ಎತ್ತರಕ್ಕೆ.

ಬೇಸಿಗೆಯಲ್ಲಿ ಹೋದರೆ ಬಾವಡಿಯ ತಳದಲ್ಲಿ ಒಂದು ಮೆಟ್ಟಿಲಿನ ಜಾಗ ಖಾಲಿ ಕಾಣುತ್ತದೆ. ಯಾರೂ ಅದನ್ನು ತುಂಬಿಸಿಲ್ಲ. ಗೊತ್ತಿಲ್ಲದವರು ಅಲ್ಲಿ ಕಾಲಿಡಲು ಹೋಗಿ ನೀರಿಗೆ ಜಾರುತ್ತಾರೆ. ಊರೆಲ್ಲ ಸುತ್ತಿ, ಬಿಸಿಲಿಗೆ ಬಾಡಿ, ಒದ್ದೆ ಕಾಲಿನಲ್ಲಿ ಹೊರಬಂದ ಒಂಟಿ ಪ್ರವಾಸಿಗ ಕಟ್ಟೆಯ ಮೇಲೆ ಚೀಲವಿಟ್ಟು ಬಸ್ಸು ಕಾಯುತ್ತಾನೆ. ಬಸ್ಸು ಬಂದಾಗ ಚೀಲಕ್ಕೆ ಬೆನ್ನು ಕೊಟ್ಟು ಮಂಡಿ ಬಗ್ಗಿಸುತ್ತಾನೆ. ಆಗ ಪಕ್ಕದಲ್ಲಿ ನಿಂತವರು, ಯಾರೇ ಇರಲಿ, ಕೇಳದೆಯೇ ಆ ಚೀಲಕ್ಕೆ ಒಂದು ಕೈ ಹಚ್ಚುತ್ತಾರೆ.