ಮೇಲ್ಕೇರಿ ಬಾವಿಯೂ ಬೊಮ್ಮಣ್ಣನ ಬುರುಜೂ

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿಗೂ ಇನ್ನೂ ಹಲ್ಲು ಬಂದಿರದ ಕಾಲದಲ್ಲಿ, ಗುಂಡುಬಂಡೆ ಅಂತ ಒಂದು ಊರಿತ್ತಂತೆ. ಆ ಊರಿನ ಮೇಲ್ಕೇರಿ ಪೂರಾ ಬಂಡೆ ಮೇಲೇ ಕೂತಿತ್ತಂತೆ. ಅಲ್ಲಿ ಹೊನ್ನೂರಮ್ಮ ಅನ್ನೋಳು, ಅವಳ ಸೊಸೆ ತಿಪ್ಪಕ್ಕ, ಇಬ್ರೇ ಮನೇಲಿ, ಮಗ ಕುರಿ ಹೊಡ್ಕೊಂಡು ದೂರ ಹೋಗಿದ್ದನಂತೆ. ತಿಪ್ಪಕ್ಕ ಮೂರು ತಿಂಗಳ ಬಸುರಿ. ಕೇರೀಲಿ ಹನಿ ನೀರಿಲ್ಲ, ಕೆಳಗಿನ ಹಳ್ಳದಿಂದ ಹೊತ್ತು ತರಬೇಕು. ಒಂದಿನ ಅವಳು ಕೊಡ ಹೊತ್ಕೊಂಡು ಹತ್ತುವಾಗ ಕಾಲು ಜಾರಿ ಬಿದ್ದೇ ಬಿಟ್ಟಳಂತೆ. ಕೊಡ ಚೂರಾಯ್ತು, ಸದ್ಯ, ಜೀವ ಉಳೀತು. ಅವತ್ತಿಂದ ಹೊನ್ನೂರಮ್ಮನಿಗೆ ಒಂದೇ ಚಿಂತೆ, ಹೆರಿಗೆಗೆ ಮುಂಚೆ ಮೇಲ್ಕೇರಿಗೊಂದು ಬಾವಿ ಆಗಬೇಕು ಅಂತ.

ಆಮೇಲೆ ಏನಾಯ್ತಂತೆ, ಊರ ಯಜಮಾನ ತೀರ್ಕೊಂಡ. ಅವನಿಗೆ ಮೂವರು ಮಕ್ಕಳು. ಆ ಊರಲ್ಲಿ ಮಗ ಅಂದಮಾತ್ರಕ್ಕೆ ಗಾದಿ ಸಿಗ್ತಿರಲಿಲ್ಲ ಕಣೇ, ಒಬ್ಬೊಬ್ಬನ ಹೆಸರಿಗೂ ಒಂದು ಕುಡಿಕೆ ಇಟ್ಟು, ಊರೋರು ಮೆಚ್ಚಿದೋನ ಕುಡಿಕೆಗೆ ಒಂದೊಂದು ಹುಣಸೆಬೀಜ ಹಾಕಬೇಕಿತ್ತಂತೆ. ಹಿರೀಮಗ ಬೊಮ್ಮಣ್ಣ ಕಳ್ಳಕಾಕರಿಂದ ಊರು ಕಾಯೋಕೆ ಕಲ್ಲಿನ ಬುರುಜು ಕಟ್ಟಿಸ್ತೀನಿ ಅಂದನಂತೆ. ನಡುವಿನೋನು ಜಂಪಣ್ಣ, ಹಬ್ಬಹಬ್ಬಕ್ಕೂ ಮನೆಮನೆಗೆ ಹೋಳಿಗೆ ಹಂಚ್ತೀನಿ ಅಂದನಂತೆ. ಕಿರಿಯೋನು ಓಬಣ್ಣ, ಮೇಲ್ಕೇರಿಗೆ ನಾಕೂ ಕಡೆ ಮೆಟ್ಟಿಲಿರೋ ಬಾವಿ ತೋಡಿಸ್ತೀನಿ ಅಂದನಂತೆ. ಹೊನ್ನೂರಮ್ಮ ಓಡೋಡಿ ಹೋಗಿ ಓಬಣ್ಣನ ಕುಡಿಕೆಗೇ ಬೀಜ ಹಾಕಿದಳಂತೆ.

ಎಣಿಸಿ ನೋಡಿದ್ರೆ ಯಾರ ಕುಡಿಕೇಲೂ ಊರಿನ ಅರ್ಧ ಬೀಜ ಇಲ್ಲ! ಹಂಗಾದಾಗ ಇಬ್ಬರು ಕುಡಿಕೆ ಕೂಡಿಸಿ, ಒಂದೇ ಗಾದೀಲಿ ಕೂರೋದು ಅಲ್ಲಿಯ ಪದ್ಧತಿ. ಓಬಣ್ಣ ತನ್ನ ಬೀಜಾನೆಲ್ಲ ಬೊಮ್ಮಣ್ಣನ ಕುಡಿಕೆಗೆ ಸುರಿದನಂತೆ, ಜಂಪಣ್ಣ ಸೋತ. ಹೊನ್ನೂರಮ್ಮ, ಇನ್ನೇನು, ಬಾವಿ ಆದಂಗೇ ಅಂತ ಹಿಗ್ಗಿದಳಂತೆ. ಪಾಪ.

ಮೊದಲು ಓಬಣ್ಣನ ಹತ್ರ ಹೋದಳಂತೆ, ಅಪ್ಪಾ ಬಾವಿ ಎಲ್ಲಿ ಅಂತ. ಅವನು ತಲೆ ಕೆರ್ಕೊಂಡು, ನಂಗೇನೋ ಆಸೆನೇ ಅವ್ವಾ, ಅಣ್ಣ ಒಪ್ಪಬೇಕಲ್ಲ ಅಂದನಂತೆ. ಆಮೇಲೆ ಬೊಮ್ಮಣ್ಣನ ಹತ್ರ ಹೋದಳು. ಅವನು, ಬಾವಿ ಅಂದೋನು ಅವನು, ನಾನಂದಿದ್ದು ಬುರುಜು, ಬೀಜ ಕಲೆತ ಮೇಲೆ ಇದು ಯಾರದು ಅದು ಯಾರದು ಅಂತ ಕೇಳಬಾರದು ಅಂದನಂತೆ. ಬೀಜ ಕಲೆತಿರಬಹುದಪ್ಪ, ಮಾತಾಡಿದ ಬಾಯಿ ಕಲೆತಿಲ್ಲವಲ್ಲ ಅಂತ ಅಂದು ಬಂದಳಂತೆ ಇವಳು. ಮೂರನೇ ಸಲ ಇಬ್ಬರೂ ಜೊತೇಲಿದ್ದಾಗ ಹೋದ್ರೆ, ಅವನ ಮುಖ ಇವನು ನೋಡಿದ, ಇವನ ಮುಖ ಅವನು ನೋಡಿದ, ಅಷ್ಟೇ. ಎತ್ತು ಏರಿಗೆಳೀತು, ಕೋಣ ನೀರಿಗೆಳೀತು. ಅವತ್ತು ಹೊನ್ನೂರಮ್ಮ ಮನೆಗೆ ಬಂದು ಸೊಸೆಗೆ ಕಾಣದಂಗೆ ಅತ್ತಳಂತೆ.

ಆಕಳಿಸಬೇಡ್ವೇ, ಊಟದ ಭಾಗ ಈಗ ಬರ್ತದೆ.

ಗಾದಿಗೆ ಬಂದೋರು ಕೇರಿಕೇರೀಲೂ ಕೂತು ಉಣ್ಣಬೇಕು ಅಂತ ಅಲ್ಲೊಂದು ಕಟ್ಟಳೆ ಇತ್ತಂತೆ. ಸೋತೋನೇ ಬಡಿಸಬೇಕು, ಮನಸ್ಸಲ್ಲಿ ಹೊಟ್ಟೆಕಿಚ್ಚು ಉಳೀಬಾರದು ಅಂತ. ಉಂಡೋರು ಆ ಕೇರಿ ನೀರು ಕುಡಿದೇ ಎಲೆ ಬಿಟ್ಟು ಏಳಬೇಕು. ಕುಡೀದೆ ಎದ್ರೆ ಆ ಕೇರಿ ಅವರನ್ನ ಒಪ್ಪಲಿಲ್ಲ ಅಂತ ಅರ್ಥ, ಗಾದಿ ಹೋದಂಗೇ. ಮೇಲ್ಕೇರಿ ಊಟ ಹೊನ್ನೂರಮ್ಮನ ಮನೇಲೇ ಆಯ್ತಂತೆ. ಅವಳು ರಾಗಿಮುದ್ದೆ ಮಾಡಿ, ಹಸಿಮೆಣಸಿನಕಾಯಿ ಅರೆದು ಅರೆದು ಖಾರ ಮಾಡಿದಳಂತೆ. ಜಂಪಣ್ಣನಿಗೆ ಅಷ್ಟು ಸಿಕ್ಕಿದ್ದೇ ಸಾಕು, ಸೌಟು ಸೌಟು ಸುರಿದನಂತೆ.

ಉಣ್ಣೋಕೆ ಕೂತ ಬೊಮ್ಮಣ್ಣ, ಓಬಣ್ಣ ಇಬ್ಬರ ಕಣ್ಣಲ್ಲೂ ನೀರು, ಮೂಗಲ್ಲೂ ನೀರು. ಅವ್ವಾ ನೀರು, ನೀರು ಅಂತ ಬಾಯಿ ಬಾಯಿ ಬಿಟ್ಟರಂತೆ. ಹೊನ್ನೂರಮ್ಮ ತುಂಬಿದ ಚೊಂಬು ಹಿಡ್ಕೊಂಡು ನಿಂತು, ಕೊಡ್ತೀನಪ್ಪ, ಆದ್ರೆ ಇದು ಹಳ್ಳದ ನೀರು, ಮೇಲ್ಕೇರಿ ನೀರು ಅಂತ ಹೆಂಗೆ ಕೊಡ್ಲಿ, ಅದಿನ್ನೂ ನಿಮ್ಮ ಮಾತೊಳಗೇ ಐತಲ್ಲ ಅಂದಳಂತೆ. ಏಳಂಗಿಲ್ಲ, ಕೂರಂಗಿಲ್ಲ!

ಬೊಮ್ಮಣ್ಣ ಉಸ್ ಉಸ್ ಅಂತ, ಊರಲ್ಲಿರೋ ಕಲ್ಲುಕುಟಿಗರೇ ನಾಕು ಜನ, ಅವರನ್ನ ಬಾವಿಗೆ ಕಳಿಸಿದ್ರೆ ಆಚೆ ಗುಡ್ಡದಿಂದ ಬುರುಜಿಗೆ ಕಲ್ಲು ಯಾರು ತರ್ತಾರೆ ಅಂದನಂತೆ. ಆಗ ಜಂಪಣ್ಣ ಸೌಟು ಹಿಡ್ಕೊಂಡೇ ಹೊಟ್ಟೆ ಹಿಡ್ಕೊಂಡು ನಕ್ಕನಂತೆ. ಆಹಾ ಯಜಮಾನರೇ, ಕಾಲ ಕೆಳಗೆ ಬಂಡೆ ಇಟ್ಕೊಂಡು ಕಲ್ಲಿಗೆ ಗುಡ್ಡಕ್ಕೆ ಹೋಗ್ತೀರಾ, ಬಾವಿ ತೋಡಿದ್ರೆ ಬರೋದೇನು, ಬೆಲ್ಲವಾ ಅಂತ.

ಅಣಕಿಸೋಕೆ ಅಂದ ಮಾತು ಅದು. ಆದ್ರೆ ಬೊಮ್ಮಣ್ಣ ಎಡಗೈಲಿ ಹಣೆ ಚಚ್ಕೊಂಡನಂತೆ. ಹೌದಲ್ಲೋ, ಬಾವಿ ಕಲ್ಲೇ ಬುರುಜಿಗೆ! ಆಮೇಲೆ ಅಣ್ಣತಮ್ಮ ಇಬ್ಬರೂ ಒಂದೇ ಚೊಂಬಿನ ಮೇಲೆ ಕೈಯಿಟ್ಟು, ಬಾವಿಯೂ ನಮ್ಮಿಬ್ಬರದು, ಬುರುಜೂ ನಮ್ಮಿಬ್ಬರದು ಅಂತ ಒಟ್ಟಿಗೆ ಮಾತು ಕೊಟ್ಟರಂತೆ. ಹೊನ್ನೂರಮ್ಮ, ಇವತ್ತಿಗೆ ಹಳ್ಳದಿಂದ ಸಾಲ ತಂದ ಮೇಲ್ಕೇರಿ ನೀರು ಇದು ಅಂತ ಕುಡಿಸಿದಳಂತೆ. ಗಟಗಟ ಅಂತ ಕುಡಿದರು ನೋಡು!

ಆಮೇಲೆ ಶುರುವಾಯ್ತಂತೆ ಕೆಲಸ. ಅಂದಂಗೇ ಎಲ್ಲ ಆಗಲಿಲ್ಲ ಮಗಾ, ಸುಳ್ಳು ಯಾಕೆ ಹೇಳ್ಲಿ. ನಾಕು ಕಡೆ ಮೆಟ್ಟಿಲು ಅಂದಿದ್ದು ಒಂದೇ ಕಡೆ ಆಯ್ತು, ಬುರುಜು ಒಂದಾಳು ಗಿಡ್ಡ ಆಯ್ತು. ಜಂಪಣ್ಣನ ಹೋಳಿಗೆಯಂತೂ ಬರಲೇ ಇಲ್ಲ, ಸೋತೋನ ಮಾತಿಗೆ ಬೆಲ್ಲ ತರೋರು ಯಾರು? ಆದ್ರೆ ಬಂಡೆ ಸೀಳಿದಾಗ ನೀರು ಬುಳಬುಳ ಅಂತ ಉಕ್ಕಿತಂತೆ. ಆ ಸಿಹಿನೀರು ನೋಡಿ ಹೊನ್ನೂರಮ್ಮನ ಎದೆ ಮೇಲಿದ್ದ ಬಂಡೇನೇ ಇಳಿದಂಗಾಯ್ತಂತೆ.

ತಿಪ್ಪಕ್ಕ ಸುಖವಾಗಿ ಹೆತ್ತಳು, ಹೆಣ್ಣುಕೂಸು, ನಿನ್ನಂಥದ್ದೇ. ಅಜ್ಜಿ ಕೂಸನ್ನ ಕಾಲ ಮೇಲೆ ಹಾಕ್ಕೊಂಡು ಬಿಸಿನೀರು ಎರೆದಳು, ಎರೆದಳು, ಎರೀತಾನೇ ಇದ್ದಳಂತೆ. ತಿಪ್ಪಕ್ಕ, ಸಾಕು ಬಿಡಿ ಅತ್ತೆ, ನೀರೆಲ್ಲ ಚೆಲ್ಲಿ ಹೋಗ್ತದೆ ಅಂದಳಂತೆ. ಅದಕ್ಕೆ ಹೊನ್ನೂರಮ್ಮ, ಚೆಲ್ಲಲಿ ಬಿಡೇ, ಇದು ನಿನ್ನ ಸೊಂಟದ ಮೇಲೆ ಬಂದ ನೀರಲ್ಲ ಅಂದು ಇನ್ನೊಂದು ಚೊಂಬು ಎರೆದಳಂತೆ.

ಅವರು ಅಲ್ಲಿ ತಣ್ಣಗಿದ್ರು, ನಾವಿಲ್ಲಿ ಬೆಚ್ಚಗಿದ್ದೀವಿ. ಕತೆ ಮುಗಿದೋಯ್ತು ಕಂದಾ, ಇನ್ನು ಕಣ್ಮುಚ್ಚು.