ಚಾಪೆಯ ಮೇಲಿಂದ ಹತ್ತಿದ ಗುಡ್ಡ

ಒಬ್ಬ ಶಿಷ್ಯ ಮಟಮಟ ಮಧ್ಯಾಹ್ನ, ಬರಿಗಾಲಲ್ಲಿ, ಬರಿಹೊಟ್ಟೆಯಲ್ಲಿ ಒಂದು ಸಣ್ಣ ಗುಡ್ಡ ಹತ್ತಿ ಹೋದ. ಹೋಗುವಾಗ ಗುರುಗಳ ಮೇಲೆ ಕೆಂಡದಂಥ ಸಿಟ್ಟು. ಸಂಜೆ ಇಳಿದು ಬಂದವನು ಅದೇ ಗುರುಗಳ ಕಾಲ ಬಳಿ ಕೂತು, ಮೆತ್ತಗೆ, "ಬುದ್ಧಿ, ಬಲಗಾಲು ಎತ್ತಿ" ಅಂದ.

ನಡುವೆ ಏನು ನಡೆದಿರಬಹುದು? ಊಹಿಸಿ ನೋಡೋಣ.

ಜಾರಿ ಬಿದ್ದ ಅಂತೀರಾ? ಇಲ್ಲ. ಕರಡಿ ಎದುರಾಯಿತು ಅಂತೀರಾ? ಆ ಗುಡ್ಡದಲ್ಲಿ ಕರಡಿ ಇದ್ದದ್ದು ನಿಜ, ಆದರೆ ಅವತ್ತು ಅದು ತನ್ನ ಪಾಡಿಗೆ ಎಲ್ಲೋ ಮಲಗಿತ್ತು. ಯಾರೋ ಸಾಧು ಪ್ರತ್ಯಕ್ಷನಾಗಿ ಉಪದೇಶ ಮಾಡಿದ ಅಂತೀರಾ? ಕಥೆ ಕೇಳಿ ಕೇಳಿ ಕೆಟ್ಟಿದ್ದೀರಿ ಬಿಡಿ! ಅಂಥದ್ದೇನೂ ಆಗಲಿಲ್ಲ. ಮೊದಲಿನಿಂದಲೇ ಹೇಳುತ್ತೇನೆ.

ಹೊಳೆಯ ದಂಡೆಯಲ್ಲೊಂದು ಹುಣಸೇಮರ. ಮರದ ಪಕ್ಕ ಆಶ್ರಮ. ಹಿಂದೆ ಕಲ್ಲುಗುಡ್ಡ. ಗುಡ್ಡದ ಮೇಲೆ ಮುರಿದ ಕೋಟೆ, ಒಂದು ಮಂಟಪ, ಮಂಟಪದ ಎದುರಿಗೆ ಒಂದು ವೀರಗಲ್ಲು.

ಆಶ್ರಮದ ಗುರುಗಳನ್ನು ಎಲ್ಲರೂ ಅಜ್ಜಯ್ಯ ಅನ್ನುತ್ತಿದ್ದರು. ಅವರ ಪೂಜೆಯ ರೀತಿಯೇ ಬೇರೆ. ಪ್ರತಿವರ್ಷ ಶಿವರಾತ್ರಿ ಕಳೆದ ಮೊದಲ ಸೋಮವಾರ ಗೆಜ್ಜೆ ಕಟ್ಟಿದ ಬೆತ್ತ ಹಿಡಿದು ಹೊರಟುಬಿಡುವರು. ಹಿಂದೆ ಸುತ್ತಲಿನ ಹಳ್ಳಿಗಳ ಜನ. ಮೊದಲು ಈ ಗುಡ್ಡ, ಆಮೇಲೆ ನಾಡಿನ ಬೆಟ್ಟಗಳು, ಕಣಿವೆಗಳು, ಹಾಳು ಕೋಟೆಗಳು, ಹಳೆಯ ಗುಡಿಗಳು. ಜನ ಅದನ್ನು ಯಾತ್ರೆ ಎಂದು ಕರೆದರು. ಅಜ್ಜಯ್ಯ ಏನೆಂದೂ ಕರೆಯಲಿಲ್ಲ.

ಆ ವರ್ಷ ಅಜ್ಜಯ್ಯನವರ ಎರಡೂ ಮಂಡಿ ಕೈಕೊಟ್ಟವು.

ಬೆತ್ತ ಇನ್ನು ಯಾರ ಕೈಗೆ? ಶಿಷ್ಯ ಮರುಳಪ್ಪನಿಗೆ ಅದರ ಮೇಲೆ ಬಹಳ ದಿನದ ಆಸೆ. ಅಜ್ಜಯ್ಯ ಹಿಂದಿನ ವರ್ಷವೇ ಅವನನ್ನು ಕಳಿಸಿದ್ದರು. "ದೇಶ ನೋಡಿ ಬಾ. ಬಂದಮೇಲೆ ಬೆತ್ತದ ಮಾತು."

ಯಾತ್ರೆಯ ಹಿಂದಿನ ದಿನ ಬೆಳಗ್ಗೆ ಮರುಳಪ್ಪ ಬಂದಿಳಿದ. ಬಿಸಿಲಿಗೆ ಕರ್ರಗಾಗಿದ್ದ. ಕಾಲಲ್ಲಿ ದಪ್ಪ ಅಟ್ಟೆಯ ಹೊಸ ಚಪ್ಪಲಿ.

ಅಜ್ಜಯ್ಯ ಹುಣಸೇಮರದ ಕೆಳಗೆ ಚಾಪೆಯ ಮೇಲಿದ್ದರು. ಅಡ್ಡಬಿದ್ದವನ ತಲೆ ಸವರಿದರು.

"ಏನೇನು ನೋಡಿದೆಯಪ್ಪಾ?"

"ಬಾದಾಮಿ ಆಯ್ತು ಬುದ್ಧಿ. ಐಹೊಳೆ ಆಯ್ತು, ಪಟ್ಟದಕಲ್ಲು ಆಯ್ತು. ಹಂಪಿ ಆಯ್ತು. ಬೇಲೂರು, ಹಳೇಬೀಡು ಒಂದೇ ದಿನದಲ್ಲಿ ಆಯ್ತು."

"ಬೆಟ್ಟಗಳು?"

"ಮುಳ್ಳಯ್ಯನಗಿರಿ ಆಯ್ತು, ಕುದುರೆಮುಖ ಆಯ್ತು. ಉತ್ತರಕ್ಕೆ ಹೋಗಿ ಹಿಮಾಲಯಾನೂ ಆಯ್ತು."

"ಹಿಮಾಲಯಾನೂ ಆಗಿಹೋಯ್ತಾ!" ಅಜ್ಜಯ್ಯ ಗಾಬರಿಬಿದ್ದು ಎದೆ ಮುಟ್ಟಿಕೊಂಡರು. "ಅಯ್ಯೋ ಪಾಪ. ಅದು ಇನ್ನೂ ಇದೆ ಅಂದ್ಕೊಂಡಿದ್ದೆ ನಾನು."

ಒಳಗಿನಿಂದ ಕಿಸಕ್ಕನೆ ನಗು ಕೇಳಿಸಿತು. ಅದು ಹಾಲಮ್ಮ. ಪ್ರತಿ ಯಾತ್ರೆಗೂ ಒಂದು ದಿನ ಮುಂಚೆ ಬಂದು ಆಶ್ರಮದ ಒಲೆಯನ್ನು ತನ್ನ ವಶಕ್ಕೆ ತೆಗೆದುಕೊಳ್ಳುವ ಮುದುಕಿ.

"ಬುದ್ಧಿ, ಇವನ ಕೈಗೆ ಬೆತ್ತ ಕೊಡೋದಾದ್ರೆ ನಾನು ಬರೋಳಲ್ಲ, ಈಗ್ಲೇ ಹೇಳಿಬಿಟ್ಟೆ" ಅಂತ ಒಳಗಿಂದಲೇ ಕೂಗಿದಳು. "ಆವತ್ತೊಂದು ದಿನ ನಿಮಗೆ ಜ್ವರ ಅಂತ ಇವನು ಕರ್ಕೊಂಡು ಹೋದ್ನಲ್ಲ, ದನ ಹೊಡ್ಕೊಂಡು ಹೋದಂಗೆ ಹೋದ. ಕಾಲು ಚಾಚಿ ಕೂರೋಕಿಲ್ಲ, 'ಇದು ಆಯ್ತು, ನಡೀರಿ, ನಡೀರಿ!' ನಾವೇನು ಸಂತೆಗೆ ಹೊರಟಿದ್ವಾ?"

ಮರುಳಪ್ಪನ ಕಿವಿ ಕೆಂಪಾಯಿತು.

"ಬುದ್ಧಿ, ನಾಳೆ ಜನ ಬರ್ತಾರೆ. ಬೆತ್ತದ ಮಾತು..."

"ಹಿಡಿಯೋ ಕೈ ಸಿಗದೆ ಹೋದ್ರೆ ಬಂದ ಜನರಿಗೆ ಕೈಮುಗಿದು ವಾಪಸು ಕಳಿಸ್ತೀನಿ. ಯಾತ್ರೆ ಇಲ್ಲಿಗೆ ನಿಂತುಹೋಗಲಿ. ನಿನಗೇ ಬೇಕು ಅಂದ್ರೆ, ಒಂದು ಕೆಲಸ ಮಾಡು."

"ಅಪ್ಪಣೆಯಾಗಲಿ."

"ನನ್ನನ್ನ ಈ ಗುಡ್ಡ ಹತ್ತಿಸು."

ಇಷ್ಟೇನಾ ಅಂದುಕೊಂಡು ಮರುಳಪ್ಪ ಬೆನ್ನು ಬಗ್ಗಿಸಿದ. "ಬನ್ನಿ ಬುದ್ಧಿ, ಹೊತ್ತುಕೊಂಡು ಹೋಗ್ತೀನಿ."

"ಹೊರೋದಕ್ಕೆ ಕತ್ತೆ ಸಾಕಲ್ಲಯ್ಯ. ನಾನು ಈ ಚಾಪೆ ಬಿಟ್ಟು ಏಳೋದಿಲ್ಲ. ಇಲ್ಲಿದ್ದಹಾಗೇ ಹತ್ತಿಸು. ಹೊತ್ತು ಮುಳುಗೋದರೊಳಗೆ."

ಮರುಳಪ್ಪ ಒಂದು ಕ್ಷಣ ತಲೆ ಕೆರೆದುಕೊಂಡ. ಆಮೇಲೆ ದಡದಡ ಗುಡ್ಡ ಹತ್ತಿದ, ದಡದಡ ಇಳಿದ. ಹಾಲಮ್ಮನ ಒಲೆಯ ಮೇಲಿನ ಎಸರು ಇನ್ನೂ ಕುದಿ ಬಂದಿರಲಿಲ್ಲ.

"ಕೇಳಿ ಬುದ್ಧಿ. ಕೋಟೆ ಪಾಳೇಗಾರರದ್ದು. ಬಾಗಿಲು ಪೂರ್ವಕ್ಕೆ. ಮಂಟಪ ಅದಕ್ಕಿಂತ ಹಳೇದು. ಕಂಬದ ಕೆಲಸ ನೋಡಿದ್ರೆ ಗೊತ್ತಾಗುತ್ತೆ. ಎದುರಿಗೆ ಹುಲಿಬೇಟೆಯ ವೀರಗಲ್ಲು. ಆಚೆಗೆ ಬಂಡೆಯ ತಗ್ಗಿನಲ್ಲಿ ನೀರಿನ ದೊಣೆ, ಬೇಸಿಗೆಯಲ್ಲೂ ಬತ್ತೋದಿಲ್ಲ. ಆಯ್ತು."

ಅಜ್ಜಯ್ಯ ಕಣ್ಣುಮುಚ್ಚಿ ಕೇಳುತ್ತಿದ್ದರು. ಮುಗಿದ ಮೇಲೂ ತೆರೆಯಲಿಲ್ಲ.

"ನಾನಿನ್ನೂ ಬುಡದಲ್ಲೇ ನಿಂತಿದ್ದೀನಿ ಮರುಳ. ನೀನೊಬ್ಬನೇ ಹತ್ತಿಬಿಟ್ಟೆ."

"ಅಲ್ಲ ಬುದ್ಧಿ, ಅಲ್ಲಿರೋದನ್ನೆಲ್ಲ ಹೇಳಿದೆನಲ್ಲ!"

"ಹೇಳಿದೆ, ಹೇಳಿದೆ. ಇರಲಿ, ಮೊದಲು ಊಟ."

ಹಾಲಮ್ಮ ಎಲೆ ಹಾಕಿದಳು. ಬಿಸಿ ಮುದ್ದೆ, ಹುರುಳಿಕಾಳಿನ ಸಾರು, ಪಕ್ಕದಲ್ಲಿ ಈರುಳ್ಳಿ, ಹಸಿಮೆಣಸಿನಕಾಯಿ. ವರ್ಷದಿಂದ ದಾರಿಯ ಊಟ ಉಂಡವನ ಬಾಯಲ್ಲಿ ನೀರೂರಿತು. ಕೈ ಚಾಚಿದ.

"ತಡಿ" ಅಂದರು ಅಜ್ಜಯ್ಯ. "ಮುದ್ದೆ ನೋಡಿದೆಯಾ?"

"ನೋಡಿದೆ ಬುದ್ಧಿ."

"ಯಾವ ಹಿಟ್ಟು?"

"ರಾಗಿ."

"ಸಾರು ನೋಡಿದೆಯಾ?"

"ಹುರುಳಿ ಸಾರು. ನೋಡಿದೆ."

"ಮಾಡಿದವರು ಯಾರು ಅಂತ ಗೊತ್ತಾ?"

"ಹಾಲಮ್ಮ."

"ಹಾಗಾದ್ರೆ ಊಟ ಆಯ್ತು. ಹಾಲಮ್ಮಾ, ಎಲೆ ಎತ್ತು."

"ಅಯ್ಯೋ ಬುದ್ಧಿ!" ಹಾಲಮ್ಮನ ಮನಸ್ಸೇ ಕರಗಿತು. "ನಾನೇನೋ ಬಾಯಿಗೆ ಬಂದಂಗೆ ಅಂದೆ. ಹಸಿದು ಬಂದಿರೋ ಜೀವ..."

"ನಮ್ಮ ಲೆಕ್ಕದಲ್ಲಿ ಹಸಿವು ಕಣವ್ವ. ಅವನ ಲೆಕ್ಕದಲ್ಲಿ ಆಯ್ತು."

ಮರುಳಪ್ಪ ಧಡಕ್ಕನೆ ಎದ್ದ.

"ಹೊತ್ತಿನ್ನೂ ಮುಳುಗಿಲ್ಲ ಬುದ್ಧಿ. ಮತ್ತೆ ಹೋಗ್ತೀನಿ. ಈ ಸಲ ಒಂದೊಂದು ಮೆಟ್ಟಿಲನ್ನೂ ಎಣಿಸಿಕೊಂಡು ಬಂದು ಹೇಳ್ತೀನಿ."

"ಹೋಗು. ಆದ್ರೆ ಚಪ್ಪಲಿ ಬಿಟ್ಟು ಹೋಗು. ನನಗೆ ಬೇಕು."

"ನಿಮ್ಮ ಕಾಲಿಗೆ ದೊಡ್ಡದಾಗುತ್ತೆ."

"ಕಾಲಿಗಲ್ಲ. ತಲೆದಿಂಬಿಗೆ."

ಅಂದವರೇ ಶಿಷ್ಯನ ಚಪ್ಪಲಿ ಎರಡನ್ನೂ ಜೋಡಿಸಿ ತಲೆಯ ಕೆಳಗಿಟ್ಟುಕೊಂಡು ಮಲಗಿಯೇಬಿಟ್ಟರು. ಗುರುವಿನ ತಲೆಯ ಕೆಳಗಿನಿಂದ ಚಪ್ಪಲಿ ಎಳೆದುಕೊಳ್ಳಲು ಯಾವ ಶಿಷ್ಯನಿಗೆ ಧೈರ್ಯ ಬಂದೀತು, ನೀವೇ ಹೇಳಿ!

ಮರುಳಪ್ಪ ಬರಿಗಾಲಲ್ಲಿ ಹೊರಟ. ಎಣಿಸಲು ಶುರುಮಾಡಿದ ಮೆಟ್ಟಿಲುಗಳ ಲೆಕ್ಕ ಸಿಟ್ಟಿನಲ್ಲಿ ಎಲ್ಲೋ ತಪ್ಪಿಹೋಯಿತು. ತಲೆಯ ಬಿಸಿಯ ಮುಂದೆ ಅಂಗಾಲಿನ ಬಿಸಿ ಅವನಿಗೆ ತಿಳಿಯಲೇ ಇಲ್ಲ. ಮಂಟಪ ಮುಟ್ಟುವಷ್ಟರಲ್ಲಿ ತಲೆ ಆರಿತು, ಅಂಗಾಲು ಉರಿಯತೊಡಗಿತು.

ಇಳಿಯೋಣ ಅಂತ ಬಂಡೆಯ ಮೇಲೆ ಕಾಲಿಟ್ಟ. ಕಾದ ಹೆಂಚು! ಹಾರಿ ಮಂಟಪದ ನೆರಳಿಗೆ ಬಂದ. ಬಾಯಾರಿತ್ತು. ಅಲ್ಲೇ, ಕೂಗಳತೆಗೂ ಈಚೆಗೆ, ದೊಣೆಯ ನೀರು ಫಳಫಳ ಹೊಳೆಯುತ್ತಿತ್ತು. ನಡುವೆ ಅಷ್ಟೂ ಬರಿ ಬಂಡೆ. ಪಂಚೆ ಎತ್ತಿಕಟ್ಟಿ ಓಡಿ ನೋಡಿದ. ಅರ್ಧದಾರಿಗೂ ಹೋಗಲಾರದೆ ಕುಣಿಯುತ್ತ ವಾಪಸು ಬಂದ. ನೋಡಲು ಯಾರೂ ಇರಲಿಲ್ಲ, ಸದ್ಯ.

ಹತ್ತುವುದೂ ಇಲ್ಲ, ಇಳಿಯುವುದೂ ಇಲ್ಲ. ಬಂಡೆ ಆರುವ ತನಕ ಕೂರಲೇಬೇಕು. ಯಾವ ಬೆಟ್ಟದ ಮೇಲೂ, ಯಾವ ಗುಡಿಯ ಮುಂದೂ ಮರುಳಪ್ಪ ಹಾಗೆ ಕೂತವನಲ್ಲ.

ಮೊದಲು ಗೊಣಗಿದ. ಆಮೇಲೆ ಗುರುಗಳಿಗೆ ಹೇಳಬೇಕಾದ ಖಾರದ ಮಾತುಗಳನ್ನು ಜೋಡಿಸಿದ. ಅದೂ ಮುಗಿಯಿತು. ಗಾಳಿ ಕೋಟೆಯ ಬಿರುಕಿನಲ್ಲಿ ನುಗ್ಗಿ ಸಣ್ಣಗೆ ಸಿಳ್ಳೆ ಹಾಕುತ್ತಿತ್ತು. ಅದು ಮೊದಲೂ ಹಾಕುತ್ತಿತ್ತೋ ಏನೋ. ಕೆಳಗೆ ಹೊಳೆ, ಹುಣಸೇಮರ, ಮರದ ಕೆಳಗೆ ಬೆರಳುಗುರಿನಷ್ಟು ಚಾಪೆ.

ಎದುರಿಗೆ ವೀರಗಲ್ಲು. ವೀರನ ಭರ್ಜಿ ಹುಲಿಯ ಕಡೆಗೆ. ಹುಲಿಯ ಪಂಜ ವೀರನ ಕಡೆಗೆ. ಅಷ್ಟೇ ತಾನೇ, ಗೊತ್ತಿದ್ದದ್ದೇ.

ಹೊತ್ತು ಪಡುವಣಕ್ಕೆ ವಾಲಿತು. ಓರೆಬಿಸಿಲು ಕಲ್ಲಿನ ಮೇಲೆ ಬಿತ್ತು. ನಡುಮಧ್ಯಾಹ್ನ ಚಪ್ಪಟೆಯಾಗಿದ್ದ ಕಲ್ಲು ಮೆಲ್ಲಗೆ ಉಬ್ಬತೊಡಗಿತು. ವೀರನ ತುರುಬು ಮೂಡಿತು. ಹುಲಿಯ ಬಾಲ ಮೂಡಿತು. ವೀರನ ಬೆನ್ನ ಹಿಂದೆ, ತೀರಾ ಮೂಲೆಯಲ್ಲಿ, ಪಾಚಿಯ ಕಲೆ ಅಂದುಕೊಂಡಿದ್ದ ಜಾಗದಲ್ಲಿ ಇನ್ನೇನೋ ಮೂಡಿತು.

ಒಂದು ಕೈ. ಕೈಯಲ್ಲೊಂದು ಗಿಂಡಿ.

"ನೀರು!" ಅಂದ ಮರುಳಪ್ಪ, ಗಟ್ಟಿಯಾಗಿ. ಗಂಟಲು ಒಣಗಿದ್ದವನಿಗೆ ಮೊದಲು ಕಂಡದ್ದು ಅದೇ.

ಆಮೇಲೆ ಗಿಂಡಿ ಹಿಡಿದ ಹೆಂಗಸು ಕಂಡಳು.

ಬಂಡೆ ಆರಿತು. ಮರುಳಪ್ಪ ದೊಣೆಗೆ ಹೋಗಿ ಬೊಗಸೆಯಲ್ಲಿ ನೀರು ಕುಡಿದ. ಕುಡಿಯುತ್ತ ಒಮ್ಮೆ ತಿರುಗಿ ಕಲ್ಲಿನ ಕಡೆ ನೋಡಿದ.

ಇಳಿಯುವಾಗ ಅವನ ಬರಿಗಾಲು ಪ್ರತಿ ಮೆಟ್ಟಿಲಿನ ನಡುವೆಯೂ ಒಂದು ತಗ್ಗನ್ನು ಹುಡುಕಿಕೊಂಡಿತು. ನುಣ್ಣನೆಯ ತಗ್ಗು. ಹಿಮ್ಮಡಿ ಇಟ್ಟರೆ ಅಲ್ಲೇ ಕೂರುತ್ತಿತ್ತು.

ಅವನು ಬಂದಾಗ ಅಜ್ಜಯ್ಯ ಅಂಗಾತ ಮಲಗಿದ್ದರು. ಸೂರ್ಯ ಹೊಳೆಯಾಚೆಯ ಮರಗಳ ನೆತ್ತಿಗೆ ಇಳಿದಿದ್ದ. ಮರುಳಪ್ಪ ಅವರ ಕಾಲ ಬಳಿ ಕೂತ. ಜೋಡಿಸಿಟ್ಟಿದ್ದ ಖಾರದ ಮಾತು ಒಂದೂ ನೆನಪಿರಲಿಲ್ಲ.

"ಬುದ್ಧಿ, ಬಲಗಾಲು ಎತ್ತಿ."

ಅಜ್ಜಯ್ಯ ಮಲಗಿದ್ದಲ್ಲೇ ಕಾಲು ಎತ್ತಿದರು.

"ಮೊದಲ ಮೆಟ್ಟಿಲು. ನಡುವೆ ತಗ್ಗಿದೆ, ಹಿಮ್ಮಡಿ ಅಲ್ಲಿಡಿ. ನಮಗಿಂತ ಮುಂಚೆ ಹತ್ತಿದವರೆಲ್ಲ ಅಲ್ಲೇ ಇಟ್ಟಿದ್ದಾರೆ."

"ನುಣ್ಣಗಿದೆ" ಅಂದರು ಅಜ್ಜಯ್ಯ.

"ಈಗ ಎಡಗಾಲು. ಕಲ್ಲು ಇನ್ನೂ ಬೆಚ್ಚಗಿದೆ, ಸುಡೋದಿಲ್ಲ. ಎಡಕ್ಕೆ ಕಾರೆ ಮುಳ್ಳಿನ ಗಿಡ, ಪಂಚೆ ಹುಷಾರು."

ಅಜ್ಜಯ್ಯ ಪಂಚೆಯ ಅಂಚು ಎತ್ತಿ ಹಿಡಿದರು. ಹಾಲಮ್ಮ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಳು. ಆಡಿಕೊಳ್ಳಲು ಬಾಯಿ ತೆರೆದವಳು ಹಾಗೇ ಕೂತುಬಿಟ್ಟಳು.

ಬಹಳ ಹೊತ್ತಾದ ಮೇಲೆ ಅಜ್ಜಯ್ಯ ಏದುಸಿರು ಬಿಟ್ಟರು. "ಸ್ವಲ್ಪ ಕೂರೋಣ ಕಣೋ. ಆಗ್ತಾ ಇಲ್ಲ."

ಸೂರ್ಯ ಇಳಿಯುತ್ತಿದ್ದ. ಬೆತ್ತ ಮರಕ್ಕೆ ಒರಗಿತ್ತು. ಮರುಳಪ್ಪ ಅದರ ಕಡೆ ನೋಡಲಿಲ್ಲ.

"ಕೂರಿ ಬುದ್ಧಿ. ಮಂಟಪ ಬಂತು, ನೆರಳಿದೆ. ಗಾಳಿಯ ಸಿಳ್ಳೆ ಕೇಳಿಸ್ತಾ?"

"ಕೇಳಿಸ್ತು. ಎದುರಿಗೇನು?"

"ವೀರಗಲ್ಲು. ವೀರನ ಹಿಂದೆ ಒಬ್ಬಳು ಹೆಂಗಸು ನಿಂತಿದ್ದಾಳೆ."

"ಕೈಯಲ್ಲೇನಿದೆ?"

"ಗಿಂಡಿ. ಅವನಿಗೆ ನೀರು ತಂದಿದ್ದಾಳೆ."

"ಕುಡಿದನಾ?"

"ಇಲ್ಲ ಬುದ್ಧಿ. ಅವನು ಹುಲಿಯ ಕಡೆಗೇ ನೋಡ್ತಿದ್ದಾನೆ, ತಿರುಗಿಲ್ಲ. ಅವಳು ಇನ್ನೂ ಹಿಡ್ಕೊಂಡೇ ನಿಂತಿದ್ದಾಳೆ."

ಹಾಲಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಪ್ರತಿವರ್ಷ ಆ ಕಲ್ಲಿಗೆ ಬೆನ್ನು ಕೊಟ್ಟು ಕೂತು ಎಲೆಅಡಿಕೆ ಹಾಕಿದ್ದೀನಲ್ಲಪ್ಪ" ಅಂದಳು. "ನಾಳೆ ಅವಳಿಗೆ ಒಂದು ಮೊಳ ಹೂವು ತಗೊಂಡು ಬರ್ತೀನಿ. ನಿಧಾನಕ್ಕೆ ಕರ್ಕೊಂಡು ಹೋಗು ಮತ್ತೆ."

ಮರುಳಪ್ಪ ಗುರುಗಳನ್ನು ಮೇಲೆ ಎಬ್ಬಿಸಿದ. ಬಂಡೆ ದಾಟಿಸಿದ. ದೊಣೆಯಲ್ಲಿ ನೀರು ಕುಡಿಸಿದ. ಕೋಟೆಯ ಅಂಚಿಗೆ ತಂದು ನಿಲ್ಲಿಸಿದ.

"ತುದಿ ಬಂತು ಬುದ್ಧಿ."

"ಏನು ಕಾಣುತ್ತೆ?"

"ಹೊಳೆ ಕಾಣುತ್ತೆ. ಹುಣಸೇಮರ ಕಾಣುತ್ತೆ. ಮರದ ಕೆಳಗೆ ಯಾರೋ ಮುದುಕರು ಮಲಗಿದ್ದಾರೆ, ತಲೆ ಕೆಳಗೆ ನನ್ನ ಚಪ್ಪಲಿ."

"ಅಷ್ಟು ಎತ್ತರದಿಂದ ಚಪ್ಪಲಿ ಕಾಣುತ್ತೇನೋ?"

"ಕಳಕೊಂಡವನಿಗೆ ಕಾಣುತ್ತೆ ಬುದ್ಧಿ."

ಅಜ್ಜಯ್ಯ ಹೊಟ್ಟೆ ಕುಣಿಯುವ ಹಾಗೆ ನಕ್ಕರು. ಕಣ್ಣು ತೆರೆದು ಎದ್ದು ಕೂತರು. ಹೊಳೆಯಾಚೆ ಸೂರ್ಯನ ಒಂದು ತುಣುಕು ಉಳಿದಿತ್ತು. ಕೈ ಚಾಚಿ ಬೆತ್ತ ತೆಗೆದುಕೊಂಡರು. ಗೆಜ್ಜೆ ಘಲ್ ಎಂದಿತು.

ಕೊಡಲಿಲ್ಲ. ಮಡಿಲಲ್ಲಿ ಇಟ್ಟುಕೊಂಡರು.

"ಹಾಗಾದ್ರೆ ಹೇಳು ಮರುಳ. ಗುಡ್ಡ ಆಯ್ತಾ?"

ಆ ಮಾತು ಮರುಳಪ್ಪನ ನಾಲಗೆಯ ತುದಿಯವರೆಗೆ ಬಂತು. ವರ್ಷಗಳ ರೂಢಿ ನೋಡಿ. ಹಾಲಮ್ಮ ಸೌಟು ಬಿಗಿಹಿಡಿದಳು.

"ಇಲ್ಲ ಬುದ್ಧಿ" ಅಂದ. "ಅವಳ ಮುಖ ಸರಿಯಾಗಿ ಕಾಣಲಿಲ್ಲ. ಬೆಳಗಿನ ಬಿಸಿಲಲ್ಲಿ ಕಾಣುತ್ತೋ ಏನೋ, ನಾಳೆ ನೋಡಬೇಕು."

ಅಜ್ಜಯ್ಯ ಬೆತ್ತವನ್ನು ಅವನ ಕೈಗಿಟ್ಟು, ಬಾಗಿಲ ಕಡೆ ತಿರುಗಿ, "ಹಾಲಮ್ಮಾ, ಇವನಿಗೆ ಎಲೆ ಹಾಕವ್ವ" ಅಂದರು. ಆಮೇಲೆ ತಲೆದಿಂಬಿನ ಚಪ್ಪಲಿ ಎತ್ತಿ ಶಿಷ್ಯನ ಕಾಲ ಮುಂದೆ ಜೋಡಿಸಿದರು.

"ಗುಡ್ಡ ಎಲ್ಲಾದ್ರೂ ಆಗುತ್ತೇನೋ, ಆಗಿಹೋಗಿದ್ದು ಆ ಹಳೇ ಮರುಳ. ಯಾವತ್ತು ಹೋದ ಅಂತ ಜನ ಕೇಳಿದ್ರೆ ತಪ್ಪದೆ ಹೇಳು: ಫಾಲ್ಗುಣ ಶುದ್ಧ ತದಿಗೆ, ಭಾನುವಾರ."