ನಡುವಿನ ತಂತಿ

ವೇದಾವತಿಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿನ ಗುರು ಮರುಳಯ್ಯನವರು ಬಂದವರಿಗೆ ಧ್ಯಾನ ಕಲಿಸುತ್ತಿರಲಿಲ್ಲ. ಆಂಪ್ಲಿಫೈಯರ್ ಕಟ್ಟುವುದನ್ನು ಕಲಿಸುತ್ತಿದ್ದರು. ಎರಡೂ ಒಂದೇ ಎಂದು ಅವರು ಎಂದೂ ಹೇಳಿದವರಲ್ಲ.

ಆ ವರ್ಷ ಆಶ್ರಮದಲ್ಲಿ ಪದ ಹಾಡುವ ನೀಲಮ್ಮಜ್ಜಿಯ ದನಿ ಸೋತಿತ್ತು. ಹಿಂದೆ ಆಕೆ ತತ್ವಪದ ಎತ್ತಿಕೊಂಡರೆ ಆಚೆ ದಡದಲ್ಲಿ ಕುರಿ ಮೇಯಿಸುವವರು ನಿಂತು ಕೇಳುತ್ತಿದ್ದರು. ಈಗ ಅದು ಚಾಪೆಯ ಅಂಚನ್ನೂ ದಾಟುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಆಕೆಯ ಪದ ಕೇಳಲು ಸುತ್ತಲಿನ ಊರುಗಳವರು ಬರುವವರಿದ್ದರು.

"ಇನ್ನೊಂದು ಸಲ ಹಾಡುವಷ್ಟು ಉಸಿರಿದೆ," ಎಂದಳು ಅಜ್ಜಿ. "ಹಿಂದಿನ ಸಾಲಿನ ತನಕ ಅದನ್ನು ಮುಟ್ಟಿಸುವ ಹೊಣೆ ನಿನ್ನದು, ಮಗಳೇ."

ಹೊಣೆ ಹೊತ್ತವಳು ಗುರುಗಳ ಶಿಷ್ಯೆ ಮಂದಾಕಿನಿ. ಅವಳ ಆಂಪ್ಲಿಫೈಯರ್ ಸಿದ್ಧವಾಗಿತ್ತು. ಸ್ಪೀಕರ್ ಮಾತ್ರ ಗುರುಗಳ ಬಳಿ ಇತ್ತು. ಅವರ ಗುರುಗಳು ಕೈಯಾರೆ ಕಾಗದ ಮಡಿಸಿ ಮಾಡಿದ ಸ್ಪೀಕರ್ ಅದು. ಸುಟ್ಟರೆ ಇನ್ನೊಂದಿಲ್ಲ.

"ಕೊಡಿ ಗುರುಗಳೇ. ಎರಡು ಸಾಲೂ ಸಮ ಬಂದಿವೆ."

ಆ ಯಂತ್ರಕ್ಕೆ ವಿದ್ಯುತ್ತು ಎರಡು ಸಾಲಾಗಿ ಬರುತ್ತದೆ. ಒಂದು ಸೊನ್ನೆಗಿಂತ ಮೇಲೆ, ಇನ್ನೊಂದು ಸೊನ್ನೆಗಿಂತ ಕೆಳಗೆ. ಎರಡೂ ಸಮವಾಗಿ ಎಳೆದರೆ ಸ್ಪೀಕರಿನ ಕಾಗದ ತನ್ನ ನೆಲೆಯಲ್ಲಿ ನಿಲ್ಲುತ್ತದೆ. ಒಂದು ಕಡೆ ವಾಲಿತೋ, ಕಾಗದ ಆ ಕಡೆಗೆ ಬಾಗಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಒಳಗಿನ ಸುರುಳಿ ಕಾದು ಸುಡುತ್ತದೆ.

ಮರುಳಯ್ಯನವರು ಒಂದೊಂದು ಸಾಲಿಗೆ ಒಂದೊಂದು ಮೀಟರ್ ಇಟ್ಟರು. ಮುಳ್ಳುಗಳು ಅವಳಿ ಮಕ್ಕಳಂತೆ ಒಂದೇ ಅಂಕಿಯ ಮೇಲೆ ನಿಂತವು.

"ಮೈಕಿನಲ್ಲಿ ನಿನ್ನ ಹೆಸರು ಹೇಳು."

"ಮಂದಾಕಿನಿ."

ಒಂದು ಮುಳ್ಳು ಏರಿತು. ಇನ್ನೊಂದು ಇಳಿಯಿತು.

"ನಿನ್ನ ಹೆಸರಿಗೇ ಹೀಗೆ. ಅಜ್ಜಿಯ ಪದಕ್ಕೆ ಹೇಗೋ! ಸಮ ಹೇಗೆ ತಂದೆ?"

ಅವಳು ತಲೆ ತಗ್ಗಿಸಿದಳು. "ಮೇಲಿನ ಸಾಲು ತುಸು ಹೆಚ್ಚಿತ್ತು. ಅದಕ್ಕೆ ಒಂದು ರೆಸಿಸ್ಟರಿನ ಹೊರೆ ಕಟ್ಟಿ ಇಳಿಸಿದೆ."

"ತಕ್ಕಡಿ ವಾಲಿದರೆ ತಟ್ಟೆಯ ಅಡಿಗೆ ಹುಣಸೆಹಣ್ಣು ಮೆತ್ತುವ ಅಂಗಡಿಯವನನ್ನು ನೋಡಿದ್ದೆ. ಇಲ್ಲಿಯೂ ಒಬ್ಬಳಿದ್ದಾಳೆಂದು ಗೊತ್ತಿರಲಿಲ್ಲ."

"ಹಾಗಾದರೆ ತಪ್ಪು ಯಾವ ಸಾಲಿನದು, ಗುರುಗಳೇ? ಮೇಲಿನದೋ ಕೆಳಗಿನದೋ?"

ಗುರುಗಳು ಒದ್ದೆ ಮೇಲುವಸ್ತ್ರ ಎತ್ತಿಕೊಂಡು ಅಂಗಳಕ್ಕೆ ನಡೆದರು. ಎರಡು ಕಂಬಗಳ ನಡುವೆ ಬಟ್ಟೆ ಒಣಗಿಸುವ ಹಗ್ಗವಿತ್ತು. ವಸ್ತ್ರವನ್ನು ಸರಿಯಾಗಿ ನಡುವೆ ಹರವಿದರು.

ಹೊಳೆಯ ಕಡೆಯಿಂದ ಗಾಳಿ ಬಂತು. ವಸ್ತ್ರ ಜಾರಿ ಎಡಗಂಬದತ್ತ ಸರಿಯಿತು.

"ಬಲಗಡೆ ಹಗ್ಗ ಬೆಳೆಯಿತೇ?" ಎಂದು ಕೇಳಿದರು.

"ಇಲ್ಲ."

"ಎಡಗಡೆ ಸವೆಯಿತೇ?"

"ಇಲ್ಲ, ಗುರುಗಳೇ. ಹಗ್ಗ ಇದ್ದಷ್ಟೇ ಇದೆ. ವಸ್ತ್ರ…"

ಅವಳು ಒಳಗೆ ಓಡಿದಳು.

ಮತ್ತೆ ಮೈಕಿನಲ್ಲಿ ಮಾತಾಡಿದಳು. ಮೆಲ್ಲಗೆ, ಜೋರಾಗಿ, ಕೊನೆಗೆ ಕೂಗಿಯೂ ನೋಡಿದಳು. ಮುಳ್ಳುಗಳು ಅಗಲಿದವು, ಕೂಡಿದವು. ಪ್ರತಿ ಸಲವೂ ಎರಡರ ಅಂಕಿಗಳನ್ನು ಕೂಡಿಸಿದಳು. ಮೊತ್ತ ಒಂದು ಸಲವೂ ಬದಲಾಗಲಿಲ್ಲ. ಒಂದು ಎಷ್ಟು ಏರಿತ್ತೋ ಇನ್ನೊಂದು ಅಷ್ಟೇ ಇಳಿದಿತ್ತು.

ಎರಡು ಸಾಲುಗಳೂ ನಿರಪರಾಧಿಗಳು. ಅಲೆದಾಡುತ್ತಿದ್ದದ್ದು ಅವೆರಡರ ನಡುವಿನ ಸೊನ್ನೆ.

ಟ್ರಾನ್ಸ್‌ಫಾರ್ಮರಿನ ನಡುವಿನಿಂದ ಹೊರಟು ಸೊನ್ನೆಗೆ ನೆಲೆ ಕೊಡುವ ತಂತಿಯೊಂದಿರುತ್ತದೆ. ಅದರ ಬೆಸುಗೆ ಮೇಲೆ ಬೆಳ್ಳಿಯಂತೆ ಹೊಳೆಯುತ್ತಿತ್ತು. ಮಂದಾಕಿನಿ ತಂತಿಯನ್ನು ಬೆರಳಿನಿಂದ ಮೆಲ್ಲನೆ ಎಳೆದಳು. ಮಾಗಿದ ಹಣ್ಣಿನಂತೆ ಕೈಗೆ ಬಂತು. ಅಡಿಯಲ್ಲಿ ಬೂದಿಬಣ್ಣ; ಬೆಸುಗೆ ಹಿಡಿದೇ ಇರಲಿಲ್ಲ.

ತಾನು ಅಷ್ಟು ದಿನವೂ ಎಲ್ಲವನ್ನೂ ಅಳೆದದ್ದು ಈ ತಂತಿಯಿಂದ. ಇದನ್ನೇ ಅಳೆಯಬೇಕೆಂದು ಹೊಳೆದಿರಲಿಲ್ಲ.

ತಂತಿ ಕೆರೆದು ಶುಚಿ ಮಾಡಿ ಹೊಸದಾಗಿ ಬೆಸೆದಳು. ಕಟ್ಟಿದ್ದ ಹೊರೆಯನ್ನು ಕಿತ್ತಳು. ಈಗ ಕೂಗಿದರೂ ಪಿಸುಗುಟ್ಟಿದರೂ ಮುಳ್ಳುಗಳು ಜೊತೆ ಬಿಡಲಿಲ್ಲ.

ಗುರುಗಳು ಸ್ಪೀಕರನ್ನು ಅವಳ ಮಡಿಲಲ್ಲಿಟ್ಟರು. ಹಸುಗೂಸಿನಷ್ಟೇ ಭಾರವಿತ್ತು.

ಬೆಳಿಗ್ಗೆ ಸಭಾಂಗಣ ತುಂಬಿತು. ಹಿಂದಿನ ಸಾಲಿನವರು ಬಾಗಿಲಾಚೆ ಮೆಟ್ಟಿಲ ಮೇಲಿದ್ದರು. ನೀಲಮ್ಮಜ್ಜಿ ಮೈಕಿನ ಮುಂದೆ ಕೂತು ಏಕತಾರಿಯನ್ನು ತೊಡೆಯ ಮೇಲಿಟ್ಟುಕೊಂಡಳು.

"ಸ್ಪೀಕರಿನ ಕಾಗದದ ಮೇಲೆ ಬೆರಳಿಟ್ಟು ಕಣ್ಣು ಮುಚ್ಚು," ಎಂದರು ಗುರುಗಳು. "ಸ್ವಿಚ್ ನಾನು ಹಾಕುತ್ತೇನೆ. ಅದು ಮಿಸುಕಿದರೆ ಹೇಳು, ಆರಿಸುತ್ತೇನೆ."

ಮಂದಾಕಿನಿ ಬೆರಳಿಟ್ಟಳು, ಹೂವನ್ನು ಮುಟ್ಟುವಂತೆ. ಸ್ವಿಚ್ ಹಾಕಿದಾಗ ಯಾವ ಯಂತ್ರವೂ ಧಡ್ ಎಂದು ಒಂದಿಷ್ಟು ಒದೆಯುತ್ತದೆ, ಆಮೇಲೆ ಗುಂಯ್ ಎನ್ನುತ್ತದೆ. ಆ ಒದೆತಕ್ಕೆ ಕಾದಳು.

ಕಾಗದ ಮಿಸುಕಲಿಲ್ಲ. ಜೇನಿನ ಗುನುಗೂ ಇಲ್ಲ. ಹೊರಗೆ ಹೊಳೆ ಹರಿಯುವುದು ಮಾತ್ರ ಕೇಳುತ್ತಿತ್ತು.

"ಹಾಕಿ ಗುರುಗಳೇ," ಎಂದು ಪಿಸುಗುಟ್ಟಿದಳು. "ಅಜ್ಜಿ ಎತ್ತಿಕೊಳ್ಳುತ್ತಾಳೆ."

ಗುರುಗಳಿಂದ ಮಾತಿಲ್ಲ.

"ಬೇಗ, ಗುರುಗಳೇ!"

ಆಗ ಅಜ್ಜಿ ಉಸಿರೆಳೆದುಕೊಂಡಳು.

ಹಾಡಲ್ಲ, ಬರೀ ಉಸಿರು. ಆ ಉಸಿರು ಸಭಾಂಗಣದಲ್ಲಿದ್ದ ಒಬ್ಬೊಬ್ಬರ ಕಿವಿಯ ಪಕ್ಕದಲ್ಲೇ ಸುಳಿದಂತಾಯಿತು. ಮೆಟ್ಟಿಲ ಮೇಲಿದ್ದ ಮುದುಕನೊಬ್ಬ ತನ್ನ ಹಿಂದೆ ಯಾರು ಬಂದರೆಂದು ತಿರುಗಿ ನೋಡಿದ. ಮಂದಾಕಿನಿಯ ಬೆರಳ ತುದಿಯಲ್ಲಿ ಕಾಗದ ಉಬ್ಬಿ ಇಳಿಯಿತು, ಮಲಗಿದ ಮಗುವಿನ ಎದೆಯಂತೆ.

ಆಮೇಲೆ ಪದ ಎದ್ದಿತು. ಆಚೆ ದಡದಲ್ಲಿ ಕುರಿಗಳ ಹಿಂದೆ ಹೊರಟವರು ನಿಂತರು.

ಪದ ಮುಗಿದರೂ ಯಾರೂ ಏಳಲಿಲ್ಲ. ಮಂದಾಕಿನಿ ತೊಯ್ದ ಕಣ್ಣುಗಳನ್ನು ತೆರೆದು ಕೇಳಿದಳು: "ಸ್ವಿಚ್ ಯಾವಾಗ ಹಾಕಿದಿರಿ, ಗುರುಗಳೇ?"

ಮರುಳಯ್ಯನವರು ಹೇಳಿದರು: "ನೀನು ಬೆರಳಿಟ್ಟ ಕೂಡಲೇ."